ಆಗುಂಬೆ ಮಳೆಗೆ ಮರದ ಡೆಕ್ ಉಳಿಯಬೇಕಾದರೆ

ಮೇ ತಿಂಗಳ ಕೊನೇ ವಾರ ಬಂತೆಂದರೆ ನಮ್ಮ ಕಡೆ ಹೋಂಸ್ಟೇ ನಡೆಸುವವರ ಫೋನ್ ಶುರುವಾಗುತ್ತದೆ. "ನಿಮ್ಮನೆ ಡೆಕ್ಕಿಗೆ ಏನ್ ಹಚ್ತೀರಿ ಮಾರಾಯ್ರೆ? ಮಳೆ ಹಿಡಿಯೋದ್ರೊಳಗೆ ನಾವೂ ಒಂದು ಕೋಟ್ ಹೊಡೆದುಬಿಡ್ತೀವಿ." ಡೆಕ್ ಅಂದರೆ ಮನೆಯ ಹೊರಗೆ ಮರದ ಹಲಗೆ ಹಾಸಿ ಕಟ್ಟಿದ ಜಗಲಿ. ನಾನು ಹೇಳುವುದು ಇಷ್ಟೇ: ಈ ವರ್ಷ ಬಿಡಿ. ಅರೆಬರೆ ಒಣಗಿದ ಮರಕ್ಕೆ ಮೇ ಕೊನೆಯಲ್ಲಿ ಹಚ್ಚಿದ್ದು ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಏಳಲು ಶುರುವಾಗುತ್ತದೆ. ದುಡ್ಡೂ ದಂಡ, ಮುಂದಿನ ವರ್ಷ ಅದನ್ನು ಕೆರೆದು ತೆಗೆಯುವ ಕೂಲಿಯೂ ದಂಡ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಆಗುಂಬೆಯ ಅಷ್ಟೂ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆಮೇಲೆ ಫೆಬ್ರವರಿ, ಮಾರ್ಚ್ ಬಂದರೆ ಮಧ್ಯಾಹ್ನದ ಬಿಸಿಲಿಗೆ ಹಲಗೆ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಮರ ನೆನೆದಾಗ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಲಗೆಗಳ ನಡುವೆ ಮಾರ್ಚಿನಲ್ಲಿ ಐದಾರು ಮಿಲಿಮೀಟರ್ ಇದ್ದ ಸಂದು ಆಗಸ್ಟಿನಲ್ಲಿ ಮೂರ್ನಾಲ್ಕಕ್ಕೆ ಇಳಿದಿರುತ್ತದೆ. ಇದು ಪ್ರತಿ ವರ್ಷದ ಆಟ. ಏನೇ ಹಚ್ಚಿದರೂ ಅದು ಈ ಹಿಗ್ಗು-ಕುಗ್ಗಿಗೆ ಒಗ್ಗಬೇಕು.

ನಮ್ಮದು 20 ಅಡಿ ಉದ್ದ, 12 ಅಡಿ ಅಗಲದ ಡೆಕ್. ತೋಟದ ಕಡೆಗೆ, ಪಶ್ಚಿಮಕ್ಕೆ ಮುಖ. ಮೇಲೆ ತೇಗದ ಹಲಗೆ. ಕೆಳಗೆ ಹಳೇ ಮನೆ ಬಿಚ್ಚಿದಾಗ ಸಿಕ್ಕ ಮತ್ತಿ ತೊಲೆಗಳು, ಅವು ಕೂತಿರುವುದು ಕಲ್ಲುಕಂಬಗಳ ಮೇಲೆ. ನಿಮ್ಮದು ಹೊನ್ನೆಯೋ ಹಲಸೋ ಅಕೇಶಿಯವೋ ಆಗಿದ್ದರೂ ಕೆಲಸದ ಕ್ರಮ ಇದೇ. ಸಿಲ್ವರ್ ಓಕ್ ಆಗಿದ್ದರೆ ಮಾತ್ರ ಬಣ್ಣದ ಖರ್ಚು ಬೇಡ, ಅದು ಹೊರಗಡೆ ಬಾಳುವ ಮರ ಅಲ್ಲ.

ಮೊದಲು, ಯಾವುದನ್ನು ಹಚ್ಚಬಾರದು

ಪೇಟೆಯ ಬಣ್ಣದಂಗಡಿಗೆ ಹೋಗಿ "ಹೊರಗಿನ ಮರಕ್ಕೆ ಒಳ್ಳೇದು ಕೊಡಿ" ಅಂದರೆ ಮುಕ್ಕಾಲು ಪಾಲು ಸಿಗುವುದು ಮಿರಮಿರ ಹೊಳೆಯುವ ವಾರ್ನಿಶ್ ಅಥವಾ ಪಿಯು (ಪಾಲಿಯುರೆಥೇನ್) ಕೋಟಿಂಗ್. ಬಾಗಿಲಿಗೆ, ಕಿಟಕಿಗೆ, ತೊಟ್ಟಿಲಿಗೆ ಅದು ಚೆನ್ನ. ಜನ ಓಡಾಡುವ, ಮಳೆ ನೇರ ಬೀಳುವ ನೆಲಕ್ಕೆ ಅಲ್ಲ. ಇವೆಲ್ಲ ಮರದ ಮೇಲೆ ಒಂದು ಪದರ ಕಟ್ಟುತ್ತವೆ. ಮರ ಹಿಗ್ಗಿದಾಗ ಆ ಪದರ ಸ್ಕ್ರೂ ಸುತ್ತ, ಹಲಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ಜಾಗ ಇರುವುದಿಲ್ಲ. ಬಿಸಿ ಎಣ್ಣೆ ಹಾರಿದ ಕೈಯ ಹಾಗೆ ಪದರ ಬೊಬ್ಬೆ ಏಳುತ್ತದೆ, ಕೆಳಗೆ ಮರ ಕಪ್ಪಾಗುತ್ತದೆ. ನಮ್ಮ ನೆಂಟರ ಹೋಂಸ್ಟೇಯಲ್ಲಿ ಹೀಗೇ ಆಗಿ, ಇಡೀ ಡೆಕ್ಕನ್ನು ಮೆಷಿನ್ನಿನಲ್ಲಿ ಉಜ್ಜಿಸಬೇಕಾಯಿತು. ಉಜ್ಜಿದ ಕೂಲಿ ವಾರ್ನಿಶ್ ಹಚ್ಚಿದ್ದಕ್ಕಿಂತ ಜಾಸ್ತಿ.

ನಮ್ಮ ಡೆಕ್ ಕಟ್ಟಿದ ಆಚಾರ್ರು ಹೇಳಿದ್ದು ನೆನಪಿದೆ: "ನೀರು ಬರ್ಲಿ ಮಾರಾಯ್ರೆ. ಹೋಗೋಕೆ ದಾರಿ ಬಿಡಿ." ಸಂದಿಗೂ ಅದೇ ಲೆಕ್ಕ, ಬಣ್ಣಕ್ಕೂ ಅದೇ ಲೆಕ್ಕ.

ಹಾಗಾದರೆ ಎಣ್ಣೆ? ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಹಚ್ಚುವವರು ಇದ್ದಾರೆ. ಹಚ್ಚಿದ ದಿನ ಮರ ಚಿನ್ನದ ಬಣ್ಣ. ಆದರೆ ಬರೀ ಅಗಸೆ ಎಣ್ಣೆ ಬೂಸ್ಟಿಗೆ ಊಟ ಇಟ್ಟ ಲೆಕ್ಕ. ನಮ್ಮ ಮಳೆಗಾಲದಲ್ಲಿ ಅದರ ಮೇಲೆ ಕಪ್ಪು ಚುಕ್ಕಿ ಏಳುವುದು ಗ್ಯಾರಂಟಿ. ಒಳಗಿನ ಕುರ್ಚಿ ಮೇಜಿಗೆ ಇಟ್ಟುಕೊಳ್ಳಿ.

ಗೇರೆಣ್ಣೆ ವಿಷಯ ಬೇರೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ಕರಾವಳಿಯಲ್ಲೂ ನಮ್ಮಲ್ಲೂ ಮರಕ್ಕೆ ಹಚ್ಚುತ್ತಾ ಬಂದಿದ್ದಾರೆ. ಗೆದ್ದಲು ಅದರ ಹತ್ತಿರ ಸುಳಿಯುವುದು ಕಡಿಮೆ. ನಾನೂ ಹಚ್ಚುತ್ತೇನೆ, ಆದರೆ ತೊಲೆಗೆ ಮಾತ್ರ, ಅದೂ ಕಣ್ಣಿಗೆ ಕಾಣದ ತಳಭಾಗಕ್ಕೆ. ಮೇಲಿನ ಹಲಗೆಗೆ ಹಚ್ಚಿದರೆ ಕಪ್ಪಗಾಗುತ್ತದೆ, ಬೇಗ ಒಣಗದೆ ಅಂಟುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟ ಗಾಯ ಆಗುತ್ತದೆ. ದಪ್ಪ ಗ್ಲೌಸ್ ಇಲ್ಲದೆ ಡಬ್ಬದ ಮುಚ್ಚಳವನ್ನೂ ತೆಗೆಯಬೇಡಿ.

ಬೇಲಿ ಗೂಟಕ್ಕೆ ಬಳಿಯುವ ಹಳೇ ಇಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಅದು ಪೂರ್ತಿ ಒಣಗುವುದೇ ಇಲ್ಲ, ಮಳೆಗೆ ತೊಳೆದು ತೋಟಕ್ಕೂ ಬಾವಿಗೂ ಸೇರುತ್ತದೆ. ಮಕ್ಕಳು ಕೂರುವ ಜಾಗಕ್ಕೆ ಹಚ್ಚುವ ವಸ್ತು ಅಲ್ಲ ಅದು.

ಬೇಕಾಗಿರುವುದು ಮರದೊಳಗೆ ಇಳಿಯುವ, ಮೇಲೆ ಪದರ ಕಟ್ಟದ, ಬಣ್ಣ ಇರುವ ಎಣ್ಣೆ ಸ್ಟೇನ್. ಅಂಗಡಿಯಲ್ಲಿ ಡೆಕ್ಕಿಂಗ್ ಆಯಿಲ್ ಅಥವಾ ಎಕ್ಸ್‌ಟೀರಿಯರ್ ವುಡ್ ಸ್ಟೇನ್ ಎಂದು ಕೇಳಿ. ಡಬ್ಬದ ಮೇಲೆ ಮೂರು ಸಂಗತಿ ನೋಡಿ: ಹೊರಗಿನ ನೆಲಕ್ಕೆ ಅಂತ ಬರೆದಿರಬೇಕು, ಬೂಸ್ಟು ತಡೆಯುವ ಔಷಧಿ ಸೇರಿರಬೇಕು, ಕ್ಲಿಯರ್ ಆಗಿರಬಾರದು. ಕ್ಲಿಯರ್ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಅದನ್ನೇ ಆರಿಸುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಮರದ ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ. ಮರ ಬೂದಿ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಆ ಕಿರಣವನ್ನು ತಡೆಯುವುದು ಸ್ಟೇನಿನಲ್ಲಿರುವ ಬಣ್ಣದ ಪುಡಿ. ಬಣ್ಣ ಇಲ್ಲದಿದ್ದರೆ ರಕ್ಷಣೆಯೂ ಕಡಿಮೆ. ನಾನು ತೇಗದ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢ ಇರುವ ಕಂದು ಆರಿಸುತ್ತೇನೆ. ಕೆಸರು ಕಾಲಿನ ಗುರುತೂ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಶಿವರಾತ್ರಿಯಿಂದ ಯುಗಾದಿಯೊಳಗೆ

ಇದಿಷ್ಟೇ ನಮಗೆ ಸಿಗುವ ಕಾಲ. ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು, ಜನ ಸಿಗುವುದಿಲ್ಲ. ಸಿಕ್ಕರೂ ಬೆಳಗಿನ ಇಬ್ಬನಿಗೆ ಹಲಗೆ ಹತ್ತು ಗಂಟೆವರೆಗೂ ತಣ್ಣಗಿರುತ್ತದೆ. ಯುಗಾದಿ ಕಳೆದರೆ ಸಂಜೆಯ ಗುಡುಗು ಮಳೆ ಯಾವತ್ತು ಬರುತ್ತದೆ ಹೇಳಲಾಗದು. ಆ ನಡುವೆ ಒಂದು ವಾರ ಬುಕಿಂಗ್ ತೆಗೆದುಕೊಳ್ಳದೆ ಡೆಕ್ ಖಾಲಿ ಬಿಡಿ. ನಾಯಿ ಇದ್ದರೆ ಕಟ್ಟಿಹಾಕಿ.

ಮರ ಎಷ್ಟು ಒಣಗಿದೆ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ತೇವ ಅಳೆಯುವ ಚಿಕ್ಕ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎರಡು ಮುಳ್ಳಿರುತ್ತವೆ, ಹಲಗೆಗೆ ಚುಚ್ಚಿದರೆ ತೇವ ಶೇಕಡಾ ಎಷ್ಟು ಎಂದು ಅಂಕಿ ತೋರಿಸುತ್ತದೆ. 15ಕ್ಕಿಂತ ಕೆಳಗೆ ಬಂದರೆ ಹಚ್ಚಬಹುದು. ಮರ 20ಕ್ಕಿಂತ ಕೆಳಗೇ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ, ಅದಕ್ಕೇ ಈ ಅಂಕಿಗಳಿಗೆ ಬೆಲೆ. ಬಿಸಿಲು ಬೀಳುವ ನಡುವಿನ ಹಲಗೆಯನ್ನು ಮಾತ್ರ ನೋಡಿ ಖುಷಿಪಡಬೇಡಿ. ಗೋಡೆ ಪಕ್ಕದ ಹಲಗೆಗೂ ಚುಚ್ಚಿ ನೋಡಿ, ಅದೇ ಕೊನೆಗೆ ಒಣಗುವುದು.

ಈ ವರ್ಷ ಹಚ್ಚುವ ಅಗತ್ಯ ಇದೆಯೋ ಇಲ್ಲವೋ ಎನ್ನುವುದಕ್ಕೆ ಮೀಟರೂ ಬೇಡ. ಒಣಗಿದ ಹಲಗೆ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಹನಿ ಹನಿಯಾಗಿ ನಿಂತರೆ ಹಳೇ ಸ್ಟೇನ್ ಇನ್ನೂ ಕೆಲಸ ಮಾಡುತ್ತಿದೆ, ತೊಳೆದು ಬಿಟ್ಟರೆ ಸಾಕು. ಐದು ನಿಮಿಷದೊಳಗೆ ಮರ ಕುಡಿದು ಕಪ್ಪು ಗುರುತು ಮೂಡಿದರೆ ಹಚ್ಚಬೇಕು. ನಮ್ಮಲ್ಲಿ ಮಳೆ ಹೊಡೆತ ಬೀಳುವ ಹೊರಗಿನ ನಾಲ್ಕಡಿ ಪ್ರತಿ ವರ್ಷ ಕೇಳುತ್ತದೆ, ಮಾಡಿನ ಕೆಳಗಿನ ಭಾಗ ಎರಡು ವರ್ಷಕ್ಕೊಮ್ಮೆ. ಇಡೀ ಡೆಕ್ಕಿಗೆ ಒಂದೇ ಲೆಕ್ಕ ಬೇಡ.

ಜೊತೆಗೆ ಒಂದು ಸ್ಕ್ರೂಡ್ರೈವರ್ ಹಿಡಿದು ಕೆಳಗೂ ಇಳಿಯಿರಿ. ತೊಲೆ ಮತ್ತು ಹಲಗೆ ಸೇರುವ ಜಾಗ, ಮೆಟ್ಟಿಲ ಬುಡ, ರೇಲಿಂಗ್ ಕಂಬದ ಬುಡ, ಇಷ್ಟೂ ಕಡೆ ತುದಿಯಿಂದ ಒತ್ತಿ. ಗಟ್ಟಿ ಮರ ಜಗ್ಗುವುದಿಲ್ಲ. ತುದಿ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಕೊಳೆತಿದೆ, ಬಣ್ಣ ಹಚ್ಚಿ ಪ್ರಯೋಜನ ಇಲ್ಲ, ಆ ತುಂಡು ಬದಲಿಸಬೇಕು. ಕಂಬದ ಮೇಲೆ ಗೆದ್ದಲಿನ ಮಣ್ಣಿನ ದಾರಿ ಕಂಡರೆ ಕೆರೆದು ಹಾಕಿ, ಅದು ಎಲ್ಲಿಂದ ಹೊರಟಿದೆ ನೋಡಿ. ಡೆಕ್ಕಿನ ಕೆಳಗೆ ಸೌದೆ ಒಟ್ಟುವುದು ನಮ್ಮ ಮಲೆನಾಡಿನವರ ಹಳೇ ಚಾಳಿ. ಖಾಲಿ ಜಾಗ ಕಂಡರೆ ನಮ್ಮ ಕೈ ಸುಮ್ನಿರಲ್ಲ, ಅಲ್ವಾ? ಸೌದೆ ಗಾಳಿಯನ್ನೂ ಕಟ್ಟುತ್ತದೆ, ಗೆದ್ದಲಿಗೆ ಏಣಿಯೂ ಆಗುತ್ತದೆ.

ತೊಳೆಯುವುದು

ಅಂಗಳದ ಪಾಚಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಡೆಕ್ಕಿಗೂ ಎರಚುವವರೇ ಜಾಸ್ತಿ. ಪಾಚಿ ಹೋಗುತ್ತದೆ ನಿಜ. ಜೊತೆಗೆ ಮರದ ಮೇಲ್ಮೈ ನಾರು ನಾರಾಗುತ್ತದೆ, ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಅದರ ಬದಲು ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ತರಿಸಿ. ಲೀಟರ್ ಬಿಸಿನೀರಿಗೆ 60 ಗ್ರಾಂ ಕಲಸಿ, ಹಲಗೆ ಮೇಲೆ ಸುರಿದು ಕಾಲು ಗಂಟೆ ಬಿಡಿ. ಒಣಗಲು ಬಿಡಬೇಡಿ, ಮಧ್ಯೆ ಮಧ್ಯೆ ಚಿಮುಕಿಸಿ. ಆಮೇಲೆ ನಾರಿನ ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೆ ತಿಕ್ಕಿ ನೀರು ಹೊಡೆಯಿರಿ. ತಂತಿ ಬ್ರಷ್ ಬೇಡ. ಅದರ ಕಬ್ಬಿಣದ ಚೂರು ಮರದಲ್ಲಿ ಉಳಿದು ಮಳೆಗೆ ಕಪ್ಪು ಚುಕ್ಕಿ ಮೂಡುತ್ತದೆ.

ಕಾರು ತೊಳೆಯುವ ಪ್ರೆಶರ್ ವಾಷರ್ ಇದ್ದವರಿಗೆ ಅದನ್ನು ಬಳಸುವ ಆಸೆ. ಬಳಸಿ, ಆದರೆ ಅಗಲಕ್ಕೆ ಚಿಮ್ಮುವ ನಾಜಲ್ ಹಾಕಿ, ಮರದಿಂದ ಒಂದಡಿ ದೂರ ಹಿಡಿದು. ಹತ್ತಿರ ಹಿಡಿದರೆ ಎಳೆಗಳ ನಡುವಿನ ಮೃದು ಭಾಗ ಕಿತ್ತು ಹೋಗಿ ಹಲಗೆ ತುಂಬ ಗೀರುಗಳಾಗುತ್ತವೆ.

ಇನ್ನು ಕಪ್ಪು ಕಲೆ. ತೇಗ, ಮತ್ತಿ ಎರಡರಲ್ಲೂ ಟ್ಯಾನಿನ್ ಎಂಬ ಒಗರು ಅಂಶ ಇರುತ್ತದೆ. ಕಬ್ಬಿಣ ಮತ್ತು ನೀರು ತಾಗಿದರೆ ಅದು ಶಾಯಿಯಂತಹ ಕಪ್ಪು ಬಿಡುತ್ತದೆ. ಮಾಮೂಲಿ ಕಬ್ಬಿಣದ ಮೊಳೆ ಹೊಡೆದ ಹಲಗೆಯಲ್ಲಿ ಪ್ರತಿ ಮೊಳೆಯ ಕೆಳಗೆ ಕಣ್ಣೀರು ಇಳಿದ ಗುರುತು ಇರುವುದು ಅದಕ್ಕೇ. ಬೇಯಿಸಿದ ಅಡಿಕೆಯನ್ನು ಡೆಕ್ ಮೇಲೆ ಹರಡಿದವರಿಗೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ಕಲೆಯೂ ಗೊತ್ತಿರುತ್ತದೆ. ಚೊಗರೂ ಟ್ಯಾನಿನ್ನೇ, ಮೊಳೆ ತಲೆ ತಾಗಿದಲ್ಲಿ ಇನ್ನೂ ಕಪ್ಪು. ಇದಕ್ಕೆ ಮದ್ದು ಆಕ್ಸಾಲಿಕ್ ಆಮ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಕರಗಿಸಿ ಇಡೀ ಹಲಗೆಗೆ ಒದ್ದೆ ಮಾಡಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲೊಂದು ಬಿಳಿ ತೇಪೆ ಉಳಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಕಪ್ಪು ಕರಗಿ ಮರದ ಬಣ್ಣ ಕಣ್ಣೆದುರೇ ತಿರುಗುತ್ತದೆ. ಆಮೇಲೆ ಎರಡು ಸಲ ಚೆನ್ನಾಗಿ ನೀರು ಹಾಕಿ.

ಆಕ್ಸಾಲಿಕ್ ಆಮ್ಲ ವಿಷ. ಗ್ಲೌಸ್, ಕನ್ನಡಕ, ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ. ದನ ನಾಯಿ ಆ ನೀರು ನೆಕ್ಕದ ಹಾಗೆ ನೋಡಿಕೊಳ್ಳಿ. ಇದಕ್ಕೂ ಬ್ಲೀಚಿಂಗ್ ಪೌಡರಿಗೂ ಭೇಟಿ ಮಾಡಿಸಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ತೊಳೆದ ಮೇಲೆ ಕನಿಷ್ಠ ನಾಲ್ಕು ಬಿಸಿಲು ಒಣಗಲಿ. ಆಮೇಲೆ 60 ನಂಬರ್, ಕೊನೆಗೆ 80 ನಂಬರ್ ಉಪ್ಪುಕಾಗದದಿಂದ ಉಜ್ಜಿ. ಅದಕ್ಕಿಂತ ನಯ ಮಾಡಬೇಡಿ. ನುಣ್ಣಗಾದ ಮರ ಸ್ಟೇನ್ ಕುಡಿಯುವುದಿಲ್ಲ, ಮಳೆಗಾಲದಲ್ಲಿ ಜಾರುವುದೂ ಜಾಸ್ತಿ. ಎದ್ದಿರುವ ಸ್ಕ್ರೂ ಬಿಗಿ ಮಾಡಿ. ಬದಲಿಸುವುದಿದ್ದರೆ ಸ್ಟೇನ್‌ಲೆಸ್ ಸ್ಟೀಲ್ 304 ಹಾಕಿ. ಕುಂದಾಪುರ, ಹೊನ್ನಾವರದ ಕಡೆ ಸಮುದ್ರದ ಹತ್ತಿರ ಇದ್ದರೆ 316.

ಹಚ್ಚುವುದು

ಡಬ್ಬವನ್ನು ಅಲ್ಲಾಡಿಸಬೇಡಿ, ಚಪ್ಪಟೆ ಕೋಲಿನಿಂದ ತಳದಿಂದ ಎತ್ತಿ ಎತ್ತಿ ಕಲಕಿ. ಬಣ್ಣವೆಲ್ಲ ತಳದಲ್ಲೇ ಕೂತಿರುತ್ತದೆ. ಹಚ್ಚುತ್ತಿರುವಾಗಲೂ ಆಗಾಗ ಕಲಕುತ್ತಿರಿ. ಎರಡು ಡಬ್ಬ ಇದ್ದರೆ ಮೊದಲೇ ದೊಡ್ಡ ಬಕೆಟ್ಟಿಗೆ ಸುರಿದು ಒಂದು ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಡೆಕ್ ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಲೀಟರಿಗೆ 80ರಿಂದ 100 ಚದರ ಅಡಿ ಆಗುತ್ತದೆ. ನಮ್ಮ 240 ಚದರ ಅಡಿಗೆ ಮೊದಲ ಕೋಟಿಗೆ ಮೂರು ಲೀಟರ್, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ. ಬಹಳ ಒಣಗಿ ಬಿರುಕು ಬಿಟ್ಟ ಮರ ಆದರೆ ಇನ್ನೂ ಜಾಸ್ತಿ ಕುಡಿಯುತ್ತದೆ.

ಬಿಸಿಲಲ್ಲಿ ಹಚ್ಚಬಾರದು. ಕಾದ ಹಲಗೆ ಮೇಲೆ ಸ್ಟೇನ್ ಒಳಗಿಳಿಯುವ ಮೊದಲೇ ಮೇಲೆ ಕೆನೆ ಕಟ್ಟುತ್ತದೆ. ಪಶ್ಚಿಮ ಮುಖದ ಡೆಕ್ಕಿನ ಅನುಕೂಲ ಇದೇ, ಇಬ್ಬನಿ ಆರಿದ ಮೇಲೂ ಮಧ್ಯಾಹ್ನದ ಹತ್ತಿರದವರೆಗೆ ಮನೆಯ ನೆರಳು ಬಿದ್ದಿರುತ್ತದೆ. ಪೂರ್ವ ಮುಖದವರು ಮಧ್ಯಾಹ್ನ ಎರಡಕ್ಕೆ ಶುರುಮಾಡಿ ನಾಲ್ಕಕ್ಕೆ ನಿಲ್ಲಿಸಿ. ಅದಕ್ಕಿಂತ ತಡ ಆದರೆ ರಾತ್ರಿಯ ಇಬ್ಬನಿ ಹಸಿ ಸ್ಟೇನ್ ಮೇಲೆ ಕೂರುತ್ತದೆ.

ನಾಲ್ಕು ಇಂಚಿನ ಬ್ರಷ್ ತೆಗೆದುಕೊಳ್ಳಿ. ಗೋಡೆ ಬದಿಯಿಂದ ಶುರುಮಾಡಿ, ಮೆಟ್ಟಿಲ ಕಡೆಗೆ ಹಿಂದೆ ಹಿಂದೆ ಬನ್ನಿ. ಒಂದು ಸಲಕ್ಕೆ ಎರಡು ಹಲಗೆ, ಈ ತುದಿಯಿಂದ ಆ ತುದಿವರೆಗೆ ಪೂರ್ತಿ ಮುಗಿಸಿ. ಹಲಗೆಯ ಮಧ್ಯೆ ನಿಲ್ಲಿಸಿ ಟೀ ಕುಡಿಯಲು ಹೋದರೆ ಅಲ್ಲೊಂದು ಗಡಿ ಬೀಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಹಚ್ಚಿದ ಕಾಲು ಗಂಟೆಗೆ ಹಳೇ ಹತ್ತಿ ಪಂಚೆಯ ತುಂಡಿನಿಂದ ಒರೆಸಿ. ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಕುಡಿದಷ್ಟು ಕುಡಿದ ಮೇಲೆ ಉಳಿದ ಸ್ಟೇನ್ ಮೇಲೇ ನಿಂತರೆ ಅದೇ ಅಂಟು ಪದರ ಆಗುತ್ತದೆ. ಒರೆಸಿದ ಹಲಗೆ ಮುಟ್ಟಿದರೆ ಒದ್ದೆ ಅನಿಸಬೇಕು, ಹೊಳೆಯಬಾರದು.

ಹಲಗೆಯ ಕೊಯ್ದ ತುದಿಗಳನ್ನು ಮರೆಯಬೇಡಿ. ಮರ ನೀರು ಕುಡಿಯುವುದು ಮುಖದಿಂದ ಸ್ವಲ್ಪ, ತುದಿಯಿಂದ ವಿಪರೀತ. ನಾನು ಚಿಕ್ಕ ಬ್ರಷ್ ಹಿಡಿದು ಒಂದೊಂದು ತುದಿಗೂ ಕುಡಿದು ನಿಲ್ಲಿಸುವವರೆಗೆ ಹಚ್ಚುತ್ತೇನೆ. ಹಚ್ಚುತ್ತಿದ್ದ ಹಾಗೇ ಮಾಯ, ಮತ್ತೆ ಹಚ್ಚು, ಮತ್ತೆ ಮಾಯ. ಡೆಕ್ ಕೊಳೆಯಲು ಶುರುವಾಗುವುದು ಬಹುಪಾಲು ಇಲ್ಲಿಂದಲೇ, ಆದ್ದರಿಂದ ಬೇಸರ ಪಡಬೇಡಿ.

ಎರಡನೇ ಕೋಟ್ ಮಾರನೇ ದಿನ, ಡಬ್ಬದ ಮೇಲೆ ಬರೆದ ಹೊತ್ತು ನೋಡಿಕೊಂಡು. ಮರ ಇನ್ನು ಕುಡಿಯುತ್ತಿಲ್ಲ ಅನಿಸಿದರೆ ಒತ್ತಾಯ ಬೇಡ.

ಒರೆಸಿದ ಬಟ್ಟೆಯ ಬಗ್ಗೆ ಒಂದು ಗಂಭೀರ ಮಾತು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಇರುವ ಸ್ಟೇನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ, ಬೆಂಕಿ ಕಡ್ಡಿ ಇಲ್ಲದೆ ಹೊತ್ತಿಕೊಳ್ಳಬಹುದು. ನಮ್ಮಲ್ಲಿ ಮೂಲೆ ಅಂದರೆ ಕೊಟ್ಟಿಗೆ ಮೂಲೆ, ಪಕ್ಕದಲ್ಲೇ ಒಣಹುಲ್ಲು. ಬಟ್ಟೆಗಳನ್ನು ಬಿಡಿಸಿ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಮಳೆ ಹಿಡಿದ ಮೇಲೆ

ಜೂನ್ ಮೊದಲೇ ಪಶ್ಚಿಮದ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತೇನೆ. ಗಾಳಿ ಮಳೆ ಓರೆಯಾಗಿ ಬಂದು ಬಡಿಯುವುದು ಅಲ್ಲಿಂದಲೇ. ಸೋಗೆ ಹೊಡೆತ ತಡೆಯುತ್ತದೆ, ಗಾಳಿ ಬಿಡುತ್ತದೆ. ನೀಲಿ ಟಾರ್ಪಾಲನ್ನು ಹಲಗೆ ಮೇಲೆ ನೇರ ಹಾಸಿ ಮುಚ್ಚುವವರಿದ್ದಾರೆ. ಕೆಳಗಿಂದ ಏಳುವ ತೇವ ಹೋಗಲು ದಾರಿ ಇಲ್ಲದೆ ಅಲ್ಲೇ ಅಣಬೆ ಏಳುತ್ತದೆ. ಮಳೆಯಲ್ಲಿ ನೆನೆಯಲು ಬಿಡುವುದೇ ಅದಕ್ಕಿಂತ ವಾಸಿ.

ಹೂಕುಂಡಗಳನ್ನು ಕೆಳಗಿಳಿಸಿ. ಇಡಲೇಬೇಕಾದರೆ ಕೆಳಗೆ ಮೂರು ಹೆಂಚಿನ ಚೂರು ಕೊಟ್ಟು ಎತ್ತರಿಸಿ. ನಾರಿನ ಮ್ಯಾಟ್ ಒಳಗೆ ಎತ್ತಿಡಿ, ಅದರ ಕೆಳಗೆ ಮರ ಒಣಗುವುದೇ ಇಲ್ಲ. ದಿನಾ ಹಿಡಿಕಡ್ಡಿ ಪೊರಕೆಯಿಂದ ಎಲೆ ಗುಡಿಸಿ. ವಾರಕ್ಕೊಮ್ಮೆ ಹಳೇ ಚಾಕು ಹಿಡಿದು ಸಂದುಗಳಲ್ಲಿ ಸಿಕ್ಕ ಕಸ ಕೆಡವಿ. ತೊಲೆಯ ಮೇಲಿನ ಸಂದಿನಲ್ಲಿ ಕಸ ಸೇರಿ ಮಣ್ಣಾಗುತ್ತದೆ, ಆ ಮಣ್ಣು ಮಳೆಗಾಲ ಪೂರ್ತಿ ಹಸಿಯಾಗಿದ್ದು ತೊಲೆಯ ನೆತ್ತಿಯನ್ನು ತಿನ್ನುತ್ತದೆ. ರಕ್ತ ಹೀರುವ ಉಂಬಳಗಳಿಗೂ ಅದೇ ಇಷ್ಟದ ಜಾಗ. ಪೇಟೆಯಿಂದ ಬಂದ ನೆಂಟರು ಸಂದಿನಿಂದ ತಲೆ ಎತ್ತಿದ ಉಂಬಳ ನೋಡಿ ಕುರ್ಚಿ ಹತ್ತುತ್ತಾರೆ, ಅದಕ್ಕೆ ಯಾವ ಸ್ಟೇನೂ ಮದ್ದಲ್ಲ.

ಹಸಿರು ಜಾರಿಕೆ ಕಂಡ ದಿನವೇ ನಾರಿನ ಬ್ರಷ್ಷಿನಿಂದ ಬರೀ ನೀರಲ್ಲಿ ತಿಕ್ಕಿ. ಒಂದು ವಾರ ಬಿಟ್ಟರೆ ಅದು ಎಳೆಯೊಳಗೆ ಕೂರುತ್ತದೆ. ಬಿಸಿಲು ಕಂಡಿತೆಂದು ಮಧ್ಯೆ ಒಂದು ಕೋಟ್ ಹೊಡೆಯುವ ಯೋಚನೆ ಬೇಡ. ಎರಡು ದಿನದ ಬಿಸಿಲಿಗೆ ಮೇಲಿನ ಚರ್ಮ ಮಾತ್ರ ಒಣಗಿರುತ್ತದೆ, ಮೀಟರ್ ಚುಚ್ಚಿದರೆ ಗೊತ್ತಾಗುತ್ತದೆ. ಸ್ವಾತಿ ಮಳೆ ಕಳೆದ ಮೇಲೆ ತಟ್ಟಿ ಬಿಚ್ಚಿ, ಒಮ್ಮೆ ಚೆನ್ನಾಗಿ ತೊಳೆದು ಹಾಗೇ ಬಿಡಿ.

ಹಲಗೆ ಬದಲಿಸುವುದಿದ್ದರೆ ಮರದ ಚೇಗಿನ, ಅಂದರೆ ಒಳಗಿನ ಗಟ್ಟಿ ಭಾಗದ್ದೇ ಕೇಳಿ. ತೇಗ ಅಂದ ಮಾತ್ರಕ್ಕೆ ಅಂಚಿನ ಬಿಳಿ ಭಾಗ ಗಟ್ಟಿ ಅಲ್ಲ, ಅದು ಬೇರೆ ಮರದಷ್ಟೇ ಬೇಗ ಕೊಳೆಯುತ್ತದೆ. ಹೊಸ ಹಲಗೆಯನ್ನು ಕೂರಿಸುವ ಮೊದಲೇ ಆರೂ ಮುಖಕ್ಕೆ ಸ್ಟೇನ್ ಹಚ್ಚಿ, ಆಮೇಲೆ ಕೆಳಮುಖ ಕೈಗೆ ಸಿಗುವುದಿಲ್ಲ. ಬಣ್ಣ ಒಂದೆರಡು ವರ್ಷ ಪಕ್ಕದ ಹಲಗೆಗೆ ಹೊಂದುವುದಿಲ್ಲ, ಇರಲಿ ಬಿಡಿ. ಉಳಿದ ಸ್ಟೇನನ್ನು ಚಿಕ್ಕ ಡಬ್ಬಕ್ಕೆ ಅಂಚಿನವರೆಗೂ ತುಂಬಿ ಮುಚ್ಚಿಡಿ, ಅರ್ಧ ಖಾಲಿ ಡಬ್ಬದಲ್ಲಿ ಕೆನೆ ಕಟ್ಟುತ್ತದೆ. ಮುಚ್ಚಳದ ಮೇಲೆ ಬಣ್ಣದ ಹೆಸರು, ನಂಬರ್, ಹಚ್ಚಿದ ತಿಂಗಳು ಬರೆದಿಡಿ. ಮುಂದಿನ ಶಿವರಾತ್ರಿಗೆ ಅಂಗಡಿಯವರು ಮೊದಲು ಕೇಳುವುದು ಅದನ್ನೇ.